ವಚನ ಮೊದಲು, ವಿಭಕ್ತಿ ಆಮೇಲೆ

ಮಾನ್ಯ ಸಂಪಾದಕರೇ,

ಇಂಗ್ಲಿಷಿನಲ್ಲಿ ಎಸ್ ಅಕ್ಷರದಿಂದ ಮುಗಿಯುವ ಯಾವ ಹೆಸರಿಗೂ ಷಷ್ಠಿಯ, ಅಂದರೆ ‘ಅವರ’ ಎಂಬ ಒಡೆತನದ, ಅರ್ಥ ಬರಲು ಕೊನೆಗೊಂದು ಅಪಾಸ್ಟ್ರಫಿ (ಅಕ್ಷರದ ಮೇಲ್ತುದಿಯಲ್ಲಿ ಇಡುವ ಅಲ್ಪವಿರಾಮದಂಥ ಚಿಹ್ನೆ) ಹಾಕಿದರೆ ಸಾಕು, ಮತ್ತೊಂದು ಎಸ್ ಸೇರಿಸುವುದು ತಪ್ಪು ಎಂದು ಓದುಗರೊಬ್ಬರು ಈಚೆಗೆ ಈ ಅಂಕಣದಲ್ಲಿ ಬರೆದಿದ್ದರು. ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಮದುವೆ-ಉಪನಯನದ ಆಮಂತ್ರಣ, ಹೌಸಿಂಗ್ ಸೊಸೈಟಿಯ ನೋಟೀಸು, ಅಂಗಡಿಯ ಬೋರ್ಡು ಇವುಗಳ ಇಂಗ್ಲಿಷ್ ಭಾಗದ ಕರಡು ತಿದ್ದುವವರು ನಾವು. ಶಾಲೆಯಲ್ಲಿ ಕಲಿತದ್ದೆಂದು ಹೆಚ್ಚಿನವರು ಹೇಳುವುದು ಇದೇ ಸೂತ್ರವನ್ನು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧದಿಂದಾಗಿ ಒಬ್ಬರ ಮನೆ ಹಲವರದಾಗುತ್ತದೆ, ಫರ್ನಾಂಡಿಸ್ ಹೋಗಿ ‘ಫರ್ನಾಂಡೆ’ ಆಗುತ್ತಾರೆ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾಯಿತು. ನಿಮ್ಮ ಪುಟದಲ್ಲಿ ರೋಮನ್ ಅಕ್ಷರ ಕೂರಿಸುವ ತಾಪತ್ರಯ ಬೇಡವೆಂದು ಸ್ಪೆಲಿಂಗುಗಳನ್ನು ಕನ್ನಡದಲ್ಲೇ ಬಿಡಿಸಿ ಹೇಳಿದ್ದೇವೆ.

ಕೊನೆಯ ಅಕ್ಷರ ಎಸ್ ಹೌದೋ ಅಲ್ಲವೋ ಎಂಬುದಕ್ಕಿಂತ ಆ ಎಸ್ ಎಲ್ಲಿಂದ ಬಂತು ಎಂಬುದು ಮುಖ್ಯ. ಬಸ್, ಬಾಸ್, ಶ್ರೀನಿವಾಸ್ ಎಂಬಲ್ಲಿ ಅದು ಪದದ ಹುಟ್ಟಿನಿಂದಲೇ ಇದೆ. ಬಾಯ್ಸ್, ಟೀಚರ್ಸ್, ಲೇಡೀಸ್ ಎಂಬಲ್ಲಿ ಬಹುವಚನಕ್ಕೆಂದು ಆಮೇಲೆ ಹಚ್ಚಿದ್ದು. ಹುಟ್ಟಿನ ಎಸ್ ಇದ್ದರೆ ಅಪಾಸ್ಟ್ರಫಿಯ ಜೊತೆಗೆ ಇನ್ನೊಂದು ಎಸ್ ಬರಬೇಕು. ಹಚ್ಚಿದ ಎಸ್ ಇದ್ದರೆ ಬರಿ ಅಪಾಸ್ಟ್ರಫಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಕಷ್ಟವಾಗಬಾರದು. ಹುಡುಗ, ಹುಡುಗರು, ಹುಡುಗರ. ಬಸ್ಸು, ಬಸ್ಸುಗಳು, ಬಸ್ಸುಗಳ. ಒಂದೋ ಹಲವೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿ, ಆಮೇಲೆ ಷಷ್ಠಿಯ ‘ಅ’ ಹಚ್ಚುತ್ತೇವೆ. ‘ಬಸ್ಸಿನಗಳು’ ಎಂದು ಎಳೆಯ ಮಗುವೂ ಹೇಳುವುದಿಲ್ಲ. ಇಂಗ್ಲಿಷಿನ ಕ್ರಮವೂ ಇದೇ. ಯಾರದು ಅಥವಾ ಯಾವುದರದು ಎಂಬ ಪದವನ್ನು ಮೊದಲು ಒಂಟಿಯಾಗಿ, ಬೇಕಾದ ವಚನದಲ್ಲಿ, ಪೂರ್ತಿ ಬರೆದುಬಿಡಿ. ಅಲ್ಲಿಂದ ಮುಂದೆ ಆ ಪದದ ಒಳಗೆ ಕೈ ಹಾಕಬೇಡಿ. ಕೊನೆಯ ಅಕ್ಷರದ ಆಚೆ ಅಪಾಸ್ಟ್ರಫಿ ಇಡಿ. ಪದ ಬಹುವಚನವಾಗಿದ್ದು ಎಸ್‌ನಲ್ಲಿ ಮುಗಿದಿದ್ದರೆ ಅಲ್ಲಿಗೆ ನಿಲ್ಲಿ, ಇಲ್ಲವಾದರೆ ಎಸ್ ಹಾಕಿ.

ಬಾಸ್ ಪದವನ್ನೇ ನೋಡಿ: ಬಿ-ಓ-ಎಸ್-ಎಸ್. ಒಬ್ಬ ಬಾಸ್‌ನ ಕ್ಯಾಬಿನ್ ಎನ್ನಬೇಕಾದರೆ ಅದರ ಮುಂದೆ ಅಪಾಸ್ಟ್ರಫಿ, ಆಮೇಲೆ ಎಸ್. ಮೂರು ಎಸ್ ಸಾಲಾಗಿ ಕಂಡು ಗಾಬರಿಯಾಗಿ ಒಂದನ್ನು ಅಳಿಸುವವರಿದ್ದಾರೆ, ಅಳಿಸಬೇಕಿಲ್ಲ. ಬಾಸ್‌ಗಳು ಹಲವರಾದರೆ ಮೊದಲು ಇ-ಎಸ್ ಸೇರಿಸಿ ‘ಬಾಸಸ್’ ಮಾಡಿ, ಅದರ ತುದಿಗೆ ಬರಿ ಅಪಾಸ್ಟ್ರಫಿ. ಮೆನ್, ವಿಮೆನ್, ಚಿಲ್ಡ್ರನ್ ಬಹುವಚನಗಳೇ ಆದರೂ ಎಸ್‌ನಲ್ಲಿ ಮುಗಿಯುವುದಿಲ್ಲ, ಆದ್ದರಿಂದ ಅವಕ್ಕೆ ಅಪಾಸ್ಟ್ರಫಿ ಮತ್ತು ಎಸ್ ಎರಡೂ ಬೇಕು. ಪುರುಷರ ಸಲೂನುಗಳ ಬೋರ್ಡಿನಲ್ಲಿ ಎಮ್-ಇ-ಎನ್-ಎಸ್ ಎಂದು ಚಿಹ್ನೆಯಿಲ್ಲದೆ ಬರೆದಿರುವುದು ಸಿಕ್ಕರೆ, ಅಂಥ ಪದ ಇಂಗ್ಲಿಷಿನಲ್ಲಿ ಇಲ್ಲ ಎಂದು ಪೇಂಟರನಿಗೆ ಹೇಳಬಹುದು.

ಸಂದೇಹ ಬಂದಾಗ ಕಿವಿಯನ್ನು ಕೇಳಿ. ಇಂಗ್ಲಿಷಿನ ಈ ಪ್ರತ್ಯಯ ಹಳೆಯ ಕಾಲದಲ್ಲಿ ಇ-ಎಸ್ ಆಗಿತ್ತು. ಕಾಲಕ್ರಮದಲ್ಲಿ ಆ ಇ ಬಿದ್ದುಹೋಯಿತು. ಬಿದ್ದ ಅಕ್ಷರದ ಗುರುತಿಗೆ ನಿಂತದ್ದೇ ಅಪಾಸ್ಟ್ರಫಿ. ಆದರೆ ಸಕಾರದಲ್ಲಿ ಮುಗಿಯುವ ಪದಗಳಿಗೆ ನೇರವಾಗಿ ಇನ್ನೊಂದು ಸಕಾರ ಅಂಟುವುದಿಲ್ಲ, ನಡುವೆ ಒಂದು ಸ್ವರ ಬೇಕೇ ಬೇಕು. ಹಾಗಾಗಿ ಬಾಸ್‌ನ ಕ್ಯಾಬಿನ್ನನ್ನು ಎಲ್ಲರೂ ‘ಬಾಸಿಸ್ ಕ್ಯಾಬಿನ್’ ಎಂದೇ ಹೇಳುತ್ತಾರೆ. ಬರಹದಲ್ಲಿ ಬಿದ್ದುಹೋದ ಸ್ವರ ಇಂಥ ಪದಗಳ ಮಟ್ಟಿಗೆ ಬಾಯಲ್ಲಿ ಉಳಿದುಕೊಂಡಿದೆ. ನಾಲಿಗೆ ಒಂದು ‘ಇಸ್’ ಹೆಚ್ಚಿಗೆ ಆಡುತ್ತಿದ್ದರೆ ಕಾಗದದ ಮೇಲೂ ಎಸ್ ಇರಲಿ. ಟೀಚರ್ಸ್ ಡೇ ಎನ್ನುವಾಗ ಯಾರೂ ‘ಟೀಚರ್ಸಿಸ್’ ಎನ್ನುವುದಿಲ್ಲ. ಅಲ್ಲಿ ಬರಿ ಚಿಹ್ನೆ. ಒಂದು ಎಚ್ಚರಿಕೆ: ಒಬ್ಬ ಬಾಸ್‌ನ, ಹಲವು ಬಾಸ್‌ಗಳ, ಬರಿ ಬಾಸ್‌ಗಳು ಮೂರೂ ಇಂಗ್ಲಿಷಿನಲ್ಲಿ ಕೇಳಿಸುವುದು ಒಂದೇ ರೀತಿ. ಎಸ್ ಬೇಕೋ ಬೇಡವೋ ಎಂಬುದನ್ನು ಕಿವಿ ಹೇಳುತ್ತದೆ, ಒಬ್ಬನೋ ಹಲವರೋ ಎಂಬುದನ್ನು ನೀವೇ ಹೇಳಿಕೊಳ್ಳಬೇಕು.

ನಮ್ಮ ಮೇಜಿಗೆ ಅತಿ ಹೆಚ್ಚು ತಪ್ಪು ಬರುವುದು ಉಪನಾಮಗಳಲ್ಲಿ. ಮಂಗಳೂರು, ಉಡುಪಿ, ಗೋವೆಗಳಿಂದ ಮುಂಬಯಿಗೆ ಬಂದ ಕ್ರೈಸ್ತ ಕುಟುಂಬಗಳಲ್ಲಿ ಫರ್ನಾಂಡಿಸ್, ರೊಡ್ರಿಗಸ್, ಗೋಮ್ಸ್, ಡಾಯಸ್, ಮೆನೆಜಸ್, ಮಸ್ಕರೇನ್ಹಸ್ ಎಲ್ಲವೂ ಎಸ್‌ನಲ್ಲೇ ಮುಗಿಯುತ್ತವೆ. ಫರ್ನಾಂಡಿಸ್ ಎಂದರೆ ಎಫ್-ಇ-ಆರ್-ಎನ್-ಎ-ಎನ್-ಡಿ-ಇ-ಎಸ್. ಕೊನೆಯ ಇ ಮತ್ತು ಎಸ್ ನಡುವೆ ಚಿಹ್ನೆ ತೂರಿಸಿದ ಕಾರ್ಡುಗಳು ಪ್ರತಿ ಹಂಗಾಮಿನಲ್ಲೂ ಕಾಣುತ್ತವೆ. ಹಾಗೆ ಬರೆದರೆ ಮನೆ ‘ಫರ್ನಾಂಡೆ’ ಎಂಬ ಬೇರೆ ಯಾರದೋ ಆಯಿತು. ಶ್ರೀನಿವಾಸ್‌ಗೂ ಇದೇ ಗತಿ: ಚಿಹ್ನೆ ಒಳಗೆ ಹೊಕ್ಕರೆ ‘ಶ್ರೀನಿವಾ’ ಎಂಬ ಅರೆಜೀವ. ಒಬ್ಬ ಫರ್ನಾಂಡಿಸ್ ಅವರ ಮನೆಗೆ, ಪೂರ್ತಿ ಹೆಸರಿನ ಆಚೆ ಅಪಾಸ್ಟ್ರಫಿ, ಎಸ್. ಇಡೀ ಕುಟುಂಬದ್ದಾದರೆ ಮೊದಲು ಇ-ಎಸ್ ಸೇರಿಸಿ ‘ಫರ್ನಾಂಡಿಸಸ್’ ಎಂಬ ಬಹುವಚನ, ಅದರಾಚೆ ಬರಿ ಅಪಾಸ್ಟ್ರಫಿ. ವ್ಯಾಕರಣ ಸರಿ, ಕಣ್ಣಿಗೆ ಮಾತ್ರ ಚೆಂದವಿಲ್ಲ. ಅದು ಒಗ್ಗದವರು ‘ಫರ್ನಾಂಡಿಸ್ ಫ್ಯಾಮಿಲಿ’ ಎಂದು ಬರೆದು ಫ್ಯಾಮಿಲಿಗೆ ಅಪಾಸ್ಟ್ರಫಿ-ಎಸ್ ಕೊಡಲಿ. ನಾವೂ ಕಾರ್ಡುಗಳಿಗೆ ಇದನ್ನೇ ಹೇಳುತ್ತೇವೆ.

ಇಲ್ಲೊಂದು ಸ್ವಾರಸ್ಯವಿದೆ. ಪೋರ್ಚುಗೀಸಿನಲ್ಲಿ ಫರ್ನಾಂಡಿಸ್ ಎಂದರೆ ಫರ್ನಾಂಡೊನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊನ ಮಗ. ಅಂದರೆ ಆ ಕೊನೆಯ ಇ-ಎಸ್‌ನಲ್ಲೇ ಒಂದು ‘ಅವನ’ ಅಡಗಿದೆ. ಇಂಗ್ಲಿಷಿನ ವಿಲಿಯಮ್ಸ್, ರಾಬರ್ಟ್ಸ್, ಜೋನ್ಸ್‌ಗಳ ಎಸ್ ಕೂಡ ಹಾಗೆ ಬಂದದ್ದೇ. ಅದರ ಮೇಲೆ ನಾವು ಇನ್ನೊಂದು ಷಷ್ಠಿ ಹೇರುತ್ತಿದ್ದೇವೆ. ಇಂದಿಗೆ ಅದು ಬರಿ ಹೆಸರಿನ ಭಾಗವಾಗಿರುವುದರಿಂದ ಲೆಕ್ಕಕ್ಕೆ ಹುಟ್ಟಿನ ಎಸ್.

ಎಸ್‌ನಲ್ಲಿ ಮುಗಿಯದ ಉಪನಾಮ ಬಹುವಚನವಾದಾಗಲೂ ಇದೇ ಗೋಜಲು. ಶೆಟ್ಟಿ ಕುಟುಂಬದವರು ಎಲ್ಲ ಸೇರಿದರೆ ‘ಶೆಟ್ಟೀಸ್’. ಸ್ಪೆಲಿಂಗಿನಲ್ಲಿ ಕೊನೆಯ ವೈ ಹಾಗೇ ಇದ್ದು ಎಸ್ ಸೇರುತ್ತದೆ. ಲೇಡಿ ಪದದಂತೆ ವೈ ಹೋಗಿ ಐ-ಇ-ಎಸ್ ಆಗುವುದಿಲ್ಲ, ಏಕೆಂದರೆ ಅಂಕಿತನಾಮದ ಕಾಗುಣಿತ ಕೆಡಿಸುವಂತಿಲ್ಲ. ಕಾರ್ಡಿನ ಕೆಳಗೆ ‘ಶೆಟ್ಟಿ ಕುಟುಂಬದವರಿಂದ’ ಎಂಬಷ್ಟೇ ಅರ್ಥವಿದ್ದರೆ ಅಪಾಸ್ಟ್ರಫಿಯೇ ಬೇಡ. ‘ಶೆಟ್ಟಿಯವರ ನಿವಾಸ’ ಎಂದಿದ್ದರೆ ಬಹುವಚನದ ಎಸ್ ದಾಟಿ ಅಪಾಸ್ಟ್ರಫಿ.

ಇವೆರಡರ ಸಂಧಿ ನೋಡಬೇಕಾದರೆ ಪೈ ಮತ್ತು ಪಾಯ್ಸ್. ಪಿ-ಎ-ಐ ನಮ್ಮ ಪೈ ಮನೆತನ. ಪಿ-ಎ-ಐ-ಎಸ್ ಎಂಬುದು ಗೋವೆಯಲ್ಲಿ ಬೇರೆಯೇ ಒಂದು ಉಪನಾಮ. ಈಗ ಒಬ್ಬ ಪೈ ಅವರ ಅಂಗಡಿ: ಪಿ-ಎ-ಐ, ಅಪಾಸ್ಟ್ರಫಿ, ಎಸ್. ಪೈ ಸಹೋದರರ ಅಂಗಡಿ: ಪಿ-ಎ-ಐ-ಎಸ್, ಅಪಾಸ್ಟ್ರಫಿ, ಮುಂದೇನಿಲ್ಲ. ಒಬ್ಬ ಪಾಯ್ಸ್ ಅವರ ಅಂಗಡಿ: ಪಿ-ಎ-ಐ-ಎಸ್, ಅಪಾಸ್ಟ್ರಫಿ, ಎಸ್. ಒಂದು ಚಿಹ್ನೆಯ ಜಾಗ, ಒಂದು ಎಸ್ ಇದೆಯೋ ಇಲ್ಲವೋ ಇಷ್ಟರಲ್ಲೇ ಅಂಗಡಿಯ ಮಾಲೀಕ ಬದಲಾಗುತ್ತಾನೆ. ಓದುಗರ ಸೂತ್ರ ಹಿಡಿದರೆ ಎರಡನೆಯದೂ ಮೂರನೆಯದೂ ಒಂದೇ ಆಗಿಬಿಡುತ್ತವೆ.

ಆ ಓದುಗರ ಮಾತು ಪೂರ್ತಿ ನಿರಾಧಾರವೂ ಅಲ್ಲ. ಎಸ್‌ನಲ್ಲಿ ಮುಗಿಯುವ ಏಕವಚನದ ಅಂಕಿತನಾಮಗಳ ಬಗ್ಗೆ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ ಇಂಥ ಹೆಸರುಗಳಿಗೆ ಬರಿ ಅಪಾಸ್ಟ್ರಫಿ ಎನ್ನುತ್ತದೆ. ಪುಸ್ತಕ ಪ್ರಕಾಶಕರು ಹೆಚ್ಚಾಗಿ ಅನುಸರಿಸುವ ಶಿಕಾಗೊ ಕೈಪಿಡಿ ಎಸ್ ಸೇರಿಸಿ ಎನ್ನುತ್ತದೆ. ಸಾಕ್ರೆಟೀಸ್‌ನಂಥ ‘ಈಸ್’ ಸದ್ದಿನ ಹಳೆಯ ಹೆಸರುಗಳಿಗೆ ಮೊದಲು ವಿನಾಯಿತಿ ಕೊಟ್ಟಿದ್ದ ಶಿಕಾಗೊದವರು 2010ರ ಆವೃತ್ತಿಯಲ್ಲಿ ಅದನ್ನೂ ಕೈಬಿಟ್ಟರು. 2024ರಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಾಗ ಈ ಜಗಳ ಬೀದಿಗೆ ಬಂತು: ಹ್ಯಾರಿಸ್ ಹೆಸರಿಗೆ ಅಸೋಸಿಯೇಟೆಡ್ ಪ್ರೆಸ್ ಬರಿ ಚಿಹ್ನೆ ಹಾಕಿದರೆ ನ್ಯೂಯಾರ್ಕ್ ಟೈಮ್ಸ್ ಎಸ್ ಸೇರಿಸಿ ಬರೆಯುತ್ತಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಇದು ನಡೆದಿದೆ. ಕ್ಯಾನ್ಸಸ್ ರಾಜ್ಯದ 2006ರ ಒಂದು ಮೊಕದ್ದಮೆಯಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ರಾಜ್ಯದ ಹೆಸರಿಗೆ ಬರಿ ಅಪಾಸ್ಟ್ರಫಿ ಇಟ್ಟರು. ಭಿನ್ನಮತ ಬರೆದ ನ್ಯಾಯಮೂರ್ತಿ ಸೌಟರ್ ಎಸ್ ಸೇರಿಸಿದರು. ಬರಿ ಅಪಾಸ್ಟ್ರಫಿಯ ಪಕ್ಷ ಹಿಡಿದವರ ಹೆಸರೇ ಎಸ್‌ನಲ್ಲಿ ಮುಗಿಯುತ್ತದೆ ಎಂಬುದು ನಮಗೆ ತಮಾಷೆಯಾಗಿ ಕಂಡಿದೆ. ಅರ್ಕಾನ್ಸಾ ರಾಜ್ಯದ ಶಾಸನಸಭೆಯಂತೂ 2007ರಲ್ಲಿ ತನ್ನ ಹೆಸರಿಗೆ ಅಪಾಸ್ಟ್ರಫಿ-ಎಸ್ಸೇ ಸರಿ ಎಂದು ನಿರ್ಣಯ ಮಾಡಿತು. ಆ ಹೆಸರಿನ ಕೊನೆಯ ಎಸ್ ಉಚ್ಚಾರವಾಗುವುದೇ ಇಲ್ಲ. ಇನ್ನೊಂದು ಎಸ್ ಬರೆಯದಿದ್ದರೆ ಷಷ್ಠಿಯ ಸದ್ದಿಗೆ ಬರಹದಲ್ಲಿ ಆಧಾರವೇ ಇರುವುದಿಲ್ಲ. ಫ್ರೆಂಚ್ ಹೆಸರುಗಳಾದ ಡ್ಯೂಮಾ, ದೆಕಾರ್ತ್‌ಗಳಿಗೂ ಇದೇ ನ್ಯಾಯ.

ಗಮನಿಸಿ, ಈ ಜಗಳವೆಲ್ಲ ಅಂಕಿತನಾಮಗಳದು ಮಾತ್ರ. ಬಾಸ್, ಬಸ್, ಕ್ಲಾಸ್ ಬಗೆಯ ರೂಢನಾಮಗಳ ಏಕವಚನಕ್ಕೆ ಅಸೋಸಿಯೇಟೆಡ್ ಪ್ರೆಸ್ಸಿನವರೂ ಎಸ್ ಸೇರಿಸುತ್ತಾರೆ. ಹಾಗಾಗಿ ‘ಯಾವ ಹೆಸರಿಗೂ’ ಎಂಬ ಓದುಗರ ಮಾತು ಈ ಎರಡು ಕೈಪಿಡಿಗಳಲ್ಲೂ ನಿಲ್ಲುವುದಿಲ್ಲ. ನಮ್ಮ ಆಯ್ಕೆ ಎಸ್ ಸೇರಿಸುವುದು, ಏಕೆಂದರೆ ನಮ್ಮ ಜನ ಆಡುವುದು ಹಾಗೆ. ಸಂಚಿಕೆಯ ಸಂಪಾದಕರು ಬರಿ ಚಿಹ್ನೆಯ ಪದ್ಧತಿ ಬೇಕೆಂದರೆ ತಕರಾರಿಲ್ಲ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದೇ ಇರಲಿ. ಅಧ್ಯಕ್ಷರ ಮಾತಿನಲ್ಲಿ ಒಂದು, ಖಜಾಂಚಿಯ ವರದಿಯಲ್ಲಿ ಇನ್ನೊಂದು ಬೇಡ. ಬರಿ ಚಿಹ್ನೆಯವರು ಇನ್ನೊಂದು ನೆನಪಿಡಲಿ: ಆ ವಿನಾಯಿತಿ ಎಸ್ ಅಕ್ಷರಕ್ಕೆ ಮಾತ್ರ. ವಾಜ್, ಡಿಕ್ರೂಜ್‌ಗಳ ಜಡ್‌ಗೂ ಮಾರ್ಕ್ಸ್‌ನ ಎಕ್ಸ್‌ಗೂ ಅಪಾಸ್ಟ್ರಫಿ-ಎಸ್ ಬೇಕು.

ಜೀಸಸ್ ಮತ್ತು ಮೋಸೆಸ್ ಹೆಸರುಗಳಿಗೆ ಬರಿ ಚಿಹ್ನೆ ಹಾಕುವುದು ಬಹಳ ಹಳೆಯ ರೂಢಿ. ಚರ್ಚಿನ ಆಮಂತ್ರಣಗಳಲ್ಲಿ ಅದನ್ನು ನಾವು ಮುಟ್ಟುವುದಿಲ್ಲ. ಹಳೆ ಗೋವೆಯ ಬೊಂ ಜೀಸಸ್ ಬೆಸಿಲಿಕಾದಲ್ಲಿ ದೇಹ ಇರುವ ಸಂತ ಫ್ರಾನ್ಸಿಸ್ ಝೇವಿಯರ್‌ರ ಹಬ್ಬ ಡಿಸೆಂಬರ್ 3ಕ್ಕೆ. ಆ ಹಬ್ಬದ ಕಾರ್ಡಿನಲ್ಲಿ ಫ್ರಾನ್ಸಿಸ್‌ನ ಎಸ್ ಕಂಡು ಅಲ್ಲೊಂದು ಅಪಾಸ್ಟ್ರಫಿ ಇಟ್ಟಿರುತ್ತಾರೆ. ಷಷ್ಠಿ ಹತ್ತುವುದು ಇಡೀ ಹೆಸರಿನ ಕೊನೆಗೆ, ಅಂದರೆ ಝೇವಿಯರ್‌ಗೆ. ಬರಿ ಸೇಂಟ್ ಫ್ರಾನ್ಸಿಸ್ ಎಂದು ನಿಲ್ಲಿಸಿದರೆ ಮಾತ್ರ ಫ್ರಾನ್ಸಿಸ್‌ಗೆ ಅಪಾಸ್ಟ್ರಫಿ-ಎಸ್.

ಕನ್ನಡವೇ ನಮ್ಮ ದಾರಿ ತಪ್ಪಿಸುವ ಒಂದು ಜಾಗವಿದೆ. ಒಂದು ತಿಂಗಳ ನೋಟೀಸು, ಎರಡು ತಿಂಗಳ ನೋಟೀಸು. ಸಂಖ್ಯೆ ಮುಂದಿದ್ದರೆ ನಮ್ಮಲ್ಲಿ ‘ತಿಂಗಳ’ ಬದಲಾಗಬೇಕಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತದೆ. ಮುಂಬಯಿಯಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಮಾಡಿಸುವ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಈ ಮಾತು ಬಂದೇ ಬರುತ್ತದೆ. ಒಂದು ತಿಂಗಳದಾದರೆ ‘ಮಂತ್’ ಪದದಾಚೆ ಅಪಾಸ್ಟ್ರಫಿ, ಎಸ್. ಎರಡು ತಿಂಗಳದಾದರೆ ಮೊದಲು ‘ಮಂತ್ಸ್’, ಅದರಾಚೆ ಬರಿ ಅಪಾಸ್ಟ್ರಫಿ. ಕೆಲಸದ ಅರ್ಜಿಯ ‘ಐದು ವರ್ಷಗಳ ಅನುಭವ’, ರಜೆ ಚೀಟಿಯ ‘ಎರಡು ವಾರದ ರಜೆ’ ಎಲ್ಲಕ್ಕೂ ಇದೇ. ಚಿಹ್ನೆಯ ಉಸಾಬರಿಯೇ ಬೇಡವೆನ್ನುವವರು ‘ಟೂ’ ಮತ್ತು ‘ಮಂತ್’ ನಡುವೆ ಅಡ್ಡಗೆರೆ ಹಾಕಿ, ಎಸ್ ಇಲ್ಲದೆ, ನೋಟೀಸಿನ ವಿಶೇಷಣವಾಗಿ ಬಳಸಬಹುದು. ಅಡ್ಡಗೆರೆಯೂ ಎಸ್ಸೂ ಅಪಾಸ್ಟ್ರಫಿಯೂ ಒಟ್ಟಿಗೆ ಬಂದರೆ ಕಲಸುಮೇಲೋಗರ.

ಸೊಸೈಟಿಯ ಪಾರ್ಕಿಂಗ್ ಬೋರ್ಡಿಗೂ ಇದು ಮುಖ್ಯ. ‘ರೆಸಿಡೆಂಟ್’ ಪದದಾಚೆ ಅಪಾಸ್ಟ್ರಫಿ, ಆಮೇಲೆ ಎಸ್ ಎಂದು ಬರೆಸಿದರೆ ಆ ಜಾಗ ಒಬ್ಬನೇ ನಿವಾಸಿಯದು. ಉಳಿದವರು ಗಾಡಿ ಎಲ್ಲಿ ನಿಲ್ಲಿಸಬೇಕೆಂದು ಕಾರ್ಯದರ್ಶಿಯನ್ನು ಕೇಳಬಹುದು.

ಬಹುವಚನದ ಎಸ್ ಇದ್ದ ಮಾತ್ರಕ್ಕೆ ಚಿಹ್ನೆ ಬೇಕೆಂದೂ ಇಲ್ಲ. ಸೇವಿಂಗ್ಸ್ ಅಕೌಂಟ್, ಸೇಲ್ಸ್ ಮ್ಯಾನೇಜರ್, ಸ್ಪೋರ್ಟ್ಸ್ ಕ್ಲಬ್ ಇವುಗಳಲ್ಲಿ ಮೊದಲ ಪದ ಒಡೆಯನಲ್ಲ, ಬಗೆ ಹೇಳುವ ಲೇಬಲ್. ಅಲ್ಲಿ ಅಪಾಸ್ಟ್ರಫಿ ಇಲ್ಲ. ಗುರುತಿಸಲು ಒಂದು ಉಪಾಯ: ಆ ಪದ ಇರುವಲ್ಲಿ ‘ವಿಮೆನ್’ ಅಥವಾ ‘ಚಿಲ್ಡ್ರನ್’ ಹಾಕಿ ನೋಡಿ. ವಿಮೆನ್ಸ್ ಕೋಚ್ ಎನ್ನಲೇಬೇಕು, ವಿಮೆನ್ ಕೋಚ್ ಎಂದರೆ ಅರ್ಥವೇ ಬೇರೆ. ಹಾಗಾದರೆ ಲೇಡೀಸ್ ಕೋಚ್ ಎಂಬಲ್ಲೂ ಎಸ್‌ನ ಆಚೆ ಅಪಾಸ್ಟ್ರಫಿ ಇರುವುದು ವ್ಯಾಕರಣ. ಪಶ್ಚಿಮ ರೈಲ್ವೆ ಚರ್ಚ್‌ಗೇಟಿನಿಂದ 1992ರಲ್ಲಿ ಶುರುಮಾಡಿದ ಲೇಡೀಸ್ ಸ್ಪೆಷಲ್ ಲೋಕಲ್ಲಿಗೂ ಹಾಗೆಯೇ. ಬೋರ್ಡುಗಳಲ್ಲಿ ಚಿಹ್ನೆ ಬಿಟ್ಟು ಬರೆಯುವುದು ಈಗ ರೂಢಿಯಾಗಿದೆ, ಅದನ್ನು ಒಪ್ಪಿಕೊಳ್ಳಬಹುದು. ಐ ಮತ್ತು ಇ ಆದ ಮೇಲೆ, ಎಸ್‌ನ ಮೊದಲು ಚಿಹ್ನೆ ಇಟ್ಟ ಟೇಲರ್ ಬೋರ್ಡನ್ನು ಒಪ್ಪಲಾಗದು. ‘ಲೇಡೀ’ ಎಂಬುದಕ್ಕೆ ಐ-ಇ ಸ್ಪೆಲಿಂಗ್ ಇಲ್ಲ.

ರೂಪದಲ್ಲಿ ಬಹುವಚನ, ಅರ್ಥದಲ್ಲಿ ಏಕವಚನವಾದ ಕೆಲವು ಪದಗಳಿವೆ: ಮ್ಯಾಥಮ್ಯಾಟಿಕ್ಸ್, ಪಾಲಿಟಿಕ್ಸ್, ಸೀರೀಸ್. ದೇಶ-ತಂಡಗಳಲ್ಲಿ ಯುನೈಟೆಡ್ ಸ್ಟೇಟ್ಸ್, ವೆಸ್ಟ್ ಇಂಡೀಸ್, ನಮ್ಮ ಮುಂಬೈ ಇಂಡಿಯನ್ಸ್. ಇವಕ್ಕೆ ಬರಿ ಅಪಾಸ್ಟ್ರಫಿ. ಸೀರೀಸ್‌ಗೆ ಹಾಕಿದರೆ ಓದಲು ತೊಡಕು, ಅಲ್ಲಿ ‘ಆಫ್’ ಬಳಸಿ ವಾಕ್ಯ ತಿರುಗಿಸುವುದು ಲೇಸು. ಮೆಕ್‌ಡೊನಾಲ್ಡ್ಸ್, ಲಿವೈಸ್‌ನಂಥ ಹೆಸರುಗಳಲ್ಲಿ ಅಪಾಸ್ಟ್ರಫಿ-ಎಸ್ ಮೊದಲೇ ಕೂತಿದೆ. ಅವುಗಳ ಮೇಲೆ ಇನ್ನೊಂದು ಷಷ್ಠಿ ಏರಿಸಬೇಡಿ.

ಊರು, ಕಟ್ಟಡ, ಸಂಸ್ಥೆಗಳ ಹೆಸರಿಗೆ ಬಂದಾಗ ಮೇಲಿನದನ್ನೆಲ್ಲ ಬದಿಗಿಟ್ಟು ಅವರು ಬರೆದಂತೆಯೇ ಬರೆಯಿರಿ. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿಗೆ ಅಪಾಸ್ಟ್ರಫಿಯೂ ಇನ್ನೊಂದು ಎಸ್ಸೂ ಇವೆ. ನ್ಯೂಕಾಸಲ್‌ನ ಅದೇ ಹೆಸರಿನ ಫುಟ್‌ಬಾಲ್ ಮೈದಾನಕ್ಕೆ ಬರಿ ಅಪಾಸ್ಟ್ರಫಿ. ಎಕ್ಸೆಟರ್ ತಂಡದ ಮೈದಾನಕ್ಕೆ ಎರಡೂ ಇಲ್ಲ. ಮೂರೂ ಸರಿ. ಮುಂಬಯಿಯಲ್ಲಿ 1869ರ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಅಪಾಸ್ಟ್ರಫಿ ಇದೆ, ಮಾಟುಂಗದ ಕಿಂಗ್ಸ್ ಸರ್ಕಲ್ಲಿಗೂ ಇದೆ. ಚರ್ಚ್‌ಗೇಟ್ ಎಂಬ ಹೆಸರಿಗೆ ಕಾರಣವಾದ, 1718ರಲ್ಲಿ ತೆರೆದ ಸೇಂಟ್ ಥಾಮಸ್ ಕೆಥೆಡ್ರಲ್ಲನ್ನು ಸಾಮಾನ್ಯವಾಗಿ ಚಿಹ್ನೆಯಿಲ್ಲದೆ ಬರೆಯುತ್ತಾರೆ.

ಇಟ್ಸ್, ಹರ್ಸ್, ಯುವರ್ಸ್, ಅವರ್ಸ್, ದೇರ್ಸ್ ಎಂಬ ಸರ್ವನಾಮಗಳು ಎಸ್‌ನಲ್ಲಿ ಮುಗಿದರೂ, ಷಷ್ಠಿಯೇ ಆದರೂ ಅಪಾಸ್ಟ್ರಫಿ ಮುಟ್ಟುವುದಿಲ್ಲ. ಇಟ್ಸ್‌ಗೆ ಚಿಹ್ನೆ ಹಾಕಿದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದೇ ಅರ್ಥ.

ಕೊನೆಯದಾಗಿ ಅಚ್ಚಿನ ಮಾತು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಡಿಟಿಪಿ ಮಾಡುವವರು ಇಡೀ ಸಾಲಿಗೆ ಕನ್ನಡ ಫಾಂಟ್ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಜೊತೆ ಅಪಾಸ್ಟ್ರಫಿಯೂ ಬೇರೇನೋ ಆಗುತ್ತದೆ. ಅಕ್ಷರ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ, ಚಿಹ್ನೆ ಕೆಟ್ಟದ್ದು ಬೀಳುವುದಿಲ್ಲ. ಕನ್ನಡದಲ್ಲೇ ‘ಫರ್ನಾಂಡಿಸ್‌ರ’ ಎಂದು ಬರೆಯುವಾಗ ಸ್ ಮತ್ತು ರ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಅದು ‘ಫರ್ನಾಂಡಿಸ್ರ’ ಎಂದು ಒತ್ತಕ್ಷರವಾಗುತ್ತದೆ. ಕಡತವನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ದಾಟಿಸುವಾಗ ಆ ತಡೆಯೂ ಅಪಾಸ್ಟ್ರಫಿಯೂ ಕಳೆದುಹೋಗುವುದುಂಟು. ಆದ್ದರಿಂದ ಈ ಎರಡನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿ ಬಿಡಬೇಡಿ, ಕಾಗದದ ಪ್ರೂಫ್ ತೆಗೆಸಿ ನೋಡಿ. ಕೀಬೋರ್ಡಿನಲ್ಲಿ 1ರ ಅಂಕಿಯ ಎಡಕ್ಕಿರುವ ಓರೆಗೆರೆಯನ್ನು ಅಪಾಸ್ಟ್ರಫಿ ಎಂದು ಬಳಸಬೇಡಿ. ಬೇಕಾದ ಕೀ ಎಂಟರ್ ಪಕ್ಕದಲ್ಲಿದೆ. ಡಿಸೋಜಾ ಕುಟುಂಬದ ಮನೆ ಎಂದು ಬರೆದರೆ ಒಂದೇ ಪದದಲ್ಲಿ ಎರಡು ಅಪಾಸ್ಟ್ರಫಿ ಬರುತ್ತವೆ: ಡಿ ಆದ ಮೇಲೆ ಹೆಸರಿನದೇ ಒಂದು, ಕೊನೆಯ ಎಸ್ ಆದ ಮೇಲೆ ಷಷ್ಠಿಯದು ಒಂದು. ಅಚ್ಚಿನಲ್ಲಿ ಎರಡೂ ಇಂಗ್ಲಿಷಿನ 9ರ ಹಾಗೆ ಬಾಗಿರಬೇಕು. ಯಾವುದಾದರೂ ಒಂದು 6ರ ಹಾಗೆ ಕಂಡರೆ ಪ್ರೂಫನ್ನು ವಾಪಸು ಕಳಿಸಿ.

ಇತಿ,
ಕರಡು ತಿದ್ದುವ ಕೆಲವರು
ಮಾಟುಂಗ, ಮುಂಬಯಿ